ಅವ್ವನ ಮಂಡಿಗೆ ನಾನು ಓದಿ ಹೇಳಿದ್ದು

ಈ ಪ್ರಸಂಗವನ್ನು ಹೇಳುವಲ್ಲಿ ಲೋಪದೋಷಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲಿಗ ನಾನು. ತಪ್ಪಿದರೆ ತಿದ್ದುವವರು ಮನೆಯಲ್ಲಿಲ್ಲ. ನನ್ನ ಗೌರವವೆಲ್ಲ ಈ ಅನುಕೂಲದ ಮೇಲೆಯೇ ನಿಂತಿತ್ತು. ಕರೆಂಟ್ ಬಿಲ್ಲಿನಿಂದ ತೆಂಗಿನ ಮರಕ್ಕೆ ಹಾಕುವ ಔಷಧಿಯ ಡಬ್ಬಿಯವರೆಗೆ ಯಾವುದನ್ನೇ ಆಗಲಿ, ನಾನು ಓದಿ ಹೇಳಿದ ಮೇಲೆಯೇ ನಮ್ಮವರು ಮುಟ್ಟುತ್ತಿದ್ದುದು. ನಾನೂ ಕನ್ನಡಕ ಒರೆಸಿಕೊಂಡು, ಎದ್ದು ನಿಂತೇ ಓದುತ್ತಿದ್ದೆ.

ಅವ್ವ ಮಂಡಿಯ ಆಪರೇಷನ್ ಮುಗಿಸಿಕೊಂಡು ತುಮಕೂರಿನ ನಮ್ಮ ಮನೆಯಲ್ಲಿದ್ದಳು. ಯುಗಾದಿಯ ಹೊತ್ತಿಗೆ ನಮ್ಮೂರು ನಿಟ್ಟೂರಿಗೆ ಮರಳಿ ತೋಟಕ್ಕೆ ನಡೆದುಹೋಗಬೇಕೆಂಬುದು ಅವಳ ಒಂದೇ ಆಸೆ. ಹೊಲಿಗೆಯ ಪಕ್ಕ ಅಂಗೈಯಗಲ ಜಾಗ ಮರಗಟ್ಟಿತ್ತು. “ಇರುವೆ ಹರಿದ್ರೂ ಗೊತ್ತಾಗಲ್ಲ ಕಣ್ಲಾ, ಯಾರದೋ ಕಾಲು ಇದ್ದಂಗೈತೆ” ಎನ್ನುತ್ತಿದ್ದಳು. ನಾನು ಬಿಸಿ ಕೊಡುವ ಮಸಾಜ್ ಪಟ್ಟಿಯೊಂದನ್ನು ತಂದೆ. ವೈದ್ಯರನ್ನು ಕೇಳಬೇಕೆಂದು ಹೊಳೆಯಲಿಲ್ಲ. ಕೈಯಲ್ಲಿ ಇಂಗ್ಲಿಷ್ ಪುಸ್ತಿಕೆಯಿತ್ತಲ್ಲ. ಸೂಚನೆಗಳನ್ನು ಒಂದೊಂದಾಗಿ ಅನುವಾದಿಸಿದೆ. ಐದನೆಯದನ್ನು ‘ಸಂವೇದನಾರಹಿತ ಅಂಗಭಾಗಗಳ ಮೇಲೆ ಪ್ರಯೋಗಿಸತಕ್ಕದ್ದಲ್ಲ’ ಎಂದು ಕನ್ನಡಿಸಿದಾಗ ನನಗೇ ಹೆಮ್ಮೆಯೆನಿಸಿತು. ಅವ್ವ ಮಂತ್ರ ಕೇಳಿದವಳಂತೆ ತಲೆಯಾಡಿಸಿದಳು. ಅದು ಅವಳ ಮಂಡಿಯ ವಿಷಯವೆಂದು ಅವಳಿಗೂ ತಿಳಿಯಲಿಲ್ಲ, ನನಗೂ ಹೊಳೆಯಲಿಲ್ಲ.

ಪಟ್ಟಿಯನ್ನು ಅವಳ ಮಂಡಿಗೆ ಸುತ್ತಿ ಸ್ವಿಚ್ ಒತ್ತಿದೆ. “ಬಿಸಿ ಆಯ್ತೇನವ್ವ?”

“ಇಲ್ಲ ಕಣ್ಲಾ.”

ಒಂದು ಹಂತ ಏರಿಸಿದೆ. “ಈಗ?”

“ಏನೂ ಗೊತ್ತಾಯ್ತಿಲ್ಲ. ಅಂಗಡಿಯೋನು ನಿನ್ನ ಯಾಮಾರಿಸವ್ನೆ ಬುಡು.”

ಪದವೀಧರನನ್ನು ಯಾಮಾರಿಸುವುದೆಂದರೇನು? ಕೊನೆಯ ಹಂತಕ್ಕೆ ಏರಿಸಿದೆ.

ಹತ್ತನೇ ತರಗತಿಗೇ ಓದು ಬಿಟ್ಟ ನನ್ನ ಹೆಂಡತಿ ಸವಿತಾ ಕಾಫಿ ತಂದವಳು, ಪಟ್ಟಿಯ ಅಡಿಗೆ ಬೆರಳಿಟ್ಟು ಥಟ್ಟನೆ ಹಿಂದೆಗೆದಳು. “ಏನ್ರೀ, ಹೆಂಚು ಕಾದಂಗೆ ಕಾದೈತೆ. ಮರಗಟ್ಟಿರೋ ಕಡೆ ಅತ್ತೆಗೆ ಬಿಸಿ ಹೆಂಗ್ರೀ ಗೊತ್ತಾಗುತ್ತೆ?” ಪಟ್ಟಿ ತೆಗೆದರೆ ಹೊಲಿಗೆಯ ಪಕ್ಕದಲ್ಲೇ ಬೊಬ್ಬೆ. ಅವ್ವ ಅದನ್ನು ನೆರೆಮನೆಯವರ ಕಾಲಿನಂತೆ ನೋಡಿ, “ನೋವಿಲ್ಲ ಬುಡ್ಲಾ” ಎಂದು ನನ್ನನ್ನೇ ಸಮಾಧಾನಪಡಿಸಿದಳು.

ಬೊಬ್ಬೆ ಒಡೆದು ಕೀವಾಯಿತು; ಮತ್ತೆ ಆಸ್ಪತ್ರೆ, ಮತ್ತೆ ಆಪರೇಷನ್. ವೈದ್ಯರು ಬೈಯಲಿಲ್ಲ. “ಸ್ಪರ್ಶ ಗೊತ್ತಾಗದ ಕಡೆ ಇಂಥದ್ದು ಇಡಬಾರದಮ್ಮ, ಸುಟ್ರೂ ತಿಳಿಯಲ್ಲ. ಮನೇಲಿ ಓದ್ದೋರು ಯಾರೂ ಇಲ್ವಾ?” ಎಂದರು. ನನ್ನ ಬಿ.ಎ.ಯನ್ನು ಬಸ್ಸಿನಲ್ಲಿ ಪಕ್ಕ ಕುಳಿತವರಿಗೂ ಹೇಳದೆ ಬಿಡದ ಅವ್ವ, ನನ್ನತ್ತ ನೋಡದೆ ಹೇಳಿದಳು: “ಇಲ್ಲ ಸ್ವಾಮಿ, ಯಾರೂ ಓದಿಲ್ಲ.”

ಈಗ ಅವ್ವನ ಮಂಡಿ ಮಡಚುವುದಿಲ್ಲ. ಕೋಲು ಹಿಡಿದು ನಮ್ಮ ಗೇಟಿನವರೆಗೆ ನಡೆಯುತ್ತಾಳೆ. ತೋಟವನ್ನು ಚಿಕ್ಕಪ್ಪ ನೋಡಿಕೊಳ್ಳುತ್ತಾರೆ. ಮನೆಗೆ ಬರುವ ಔಷಧಿಯ ಚೀಟಿ, ಯಂತ್ರದ ಪುಸ್ತಿಕೆಗಳನ್ನೆಲ್ಲ ಸವಿತಾ ಅಕ್ಷರ ಕೂಡಿಸಿಕೊಂಡು ಓದಿ, ಅವ್ವನ ಮಾತಿನಲ್ಲಿ ಹೇಳುತ್ತಾಳೆ. ನಾನು ಕುಳಿತು ಕೇಳುತ್ತೇನೆ.