ಮಾಸ್ಕ್ ಕಟ್ಟಿದ ವರ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ನಮ್ಮೂರು ಡೋಣಿಯಿಂದ ದಿನಾ ಬಸ್ಸಿಗೆ ಜೋತುಬಿದ್ದು ಬಿ.ಎಸ್ಸಿ. ಮಾಡಿದವನು. ಅಂಥವನಿಗೆ ಯಾರಾದರೂ ‘ಕಡ್ಡಾಯ’ ಅಂದರೆ ಕೇಳಿಕೊಂಡು ಸುಮ್ಮನಿರಲಾದೀತೇ?

ಗದಗಿನ ಒಂದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ನನ್ನ ಕೆಲಸ. ಹಂದಿಜ್ವರದ ಗದ್ದಲದ ವರ್ಷ ಹುಕುಂ ಬಂತು: ಸಿಬ್ಬಂದಿಯೆಲ್ಲ ಫ್ಲೂ ಇಂಜೆಕ್ಷನ್ ತಗೊಳ್ಳಬೇಕು. ಒಲ್ಲೆ ಅನ್ನುವವರು ಚಳಿಗಾಲ ಮುಗಿಯುವ ತನಕ ಮಾಸ್ಕ್ ಕಟ್ಟಬೇಕು.

“ತಗೊಳ್ರಿ ಅಂದಿದ್ರ ತಗೊಳ್ತಿದ್ದೆ. ಕಡ್ಡಾಯ ಅಂದ್ರ ಒಲ್ಲೆ!” ಎಂದು ಘೋಷಿಸಿದೆ.

“ತಮ್ಮಾ, ಇದು ನಿನಗಷ್ಟ ಅಲ್ಲೋ. ನಿನ್ನ ಮುಂದ ಕೈ ಚಾಚಾವ್ರ ಸಲುವಾಗಿ,” ಅಂದರು ಹಿರಿಯ ನರ್ಸ್ ಶಾಂತಕ್ಕ.

“ತತ್ವದ ಪ್ರಶ್ನೆ ಅಕ್ಕಾರ!”

“ಹಂಗಾರ ತತ್ವಾನ ಮಾರಿಗೆ ಕಟ್ಕೋ.”

ಕಟ್ಟಿಕೊಂಡೆ. ಆಗ ನಮ್ಮ ಕಡೆ ಮಾರಿಗೆ ಬಟ್ಟೆ ಕಟ್ಟಿದವನೆಂದರೆ ದೊಡ್ಡ ರೋಗದವನೆಂದೇ ಲೆಕ್ಕ. ನನ್ನ ಮದುವೆ ಮಾತು ಬೇರೆ ನಡೆದಿತ್ತು. ಹಿರೇಹಂದಿಗೋಳದ ಹುಡುಗಿಯ ಫೋಟೋ ಅಂಗಿ ಜೇಬಿನಲ್ಲೇ ಇತ್ತು, ಎದೆಗೆ ಹತ್ತಿಕೊಂಡು!

ಒಂದು ಮುಂಜಾನೆ ತಲೆಗೆ ಪಟಗಾ ಸುತ್ತಿದ ಹಿರಿಯರೊಬ್ಬರು ಸಕ್ಕರೆ ಪರೀಕ್ಷೆಗೆ ಬಂದು ಕುಂತರು. ಸೂಜಿ ಬಿಟ್ಟು ನನ್ನನ್ನೇ ನೋಡತೊಡಗಿದರು. ಮಾಸ್ಕಿನೊಳಗಿನ ಸೆಕೆಗೆ ನನಗೆ ಕೆಮ್ಮು ಬಂತು.

“ಕೆಮ್ಮು ಯಾವಾಗಿಂದ ಐತ್ರಿ?”

“ರೋಗ ಇಲ್ರಿ ಕಾಕಾರ. ಇಂಜೆಕ್ಷನ್ ಒಲ್ಲೆ ಅಂದೀನಿ, ಅದಕ್ಕ ಮಾಸ್ಕ್.” ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಡಿಗ್ರಿ ಬಿಡಲಿಲ್ಲ! “ಯಾರ ಮೈಗೂ ಬಲವಂತದ್ಲೆ ಸೂಜಿ ಚುಚ್ಚಬಾರದ್ರಿ” ಎಂದು ಭಾಷಣ ಬಿಗಿಯುತ್ತಲೇ ಸೂಜಿ ಹಿಡಿದು ಅವರತ್ತ ಬಾಗಿದೆ.

ಅವರು ಅಂಗಿಯ ತೋಳು ಇಳಿಸಿದರು. “ಖರೆ ಐತಿ. ನಂದೂ ಕಡ್ಡಾಯ ಇಲ್ಲ ಬಿಡ್ರಿ,” ಎಂದು ಎದ್ದು ಹೋದರು. ನನ್ನ ವಾದಕ್ಕೆ ಸಿಕ್ಕ ಮೊದಲ ಜಯ!

ಸಂಜೆ ಮನೆಗೆ ಬಂದರೆ ಅವ್ವ ಒಲೆ ಮುಂದೆ ಉರಿಯುತ್ತಿದ್ದಳು. “ಹುಡುಗಿ ಅಪ್ಪ ಹೇಳದ ಕೇಳದ ನಿನ್ನ ನೋಡಾಕ ದವಾಖಾನಿಗೆ ಬಂದಿದ್ರಂತ. ಎದಿ ರೋಗ ಐತಿ, ಅದರ ಮ್ಯಾಲ ಮಾತೂ ಭಾಳ, ಒಲ್ಲೆವು ಅಂತ ಖಬರ ಕಳಿಸ್ಯಾರ!”

ಮರುದಿನ ಶಾಂತಕ್ಕನ ಮುಂದೆ ತೋಳೇರಿಸಿ ನಿಂತೆ.

“ತತ್ವ ಏನಾತೋ ತಮ್ಮಾ?”

“ಜಲ್ದಿ ಚುಚ್ರಿ ಅಕ್ಕಾರ!”

ಅವರನ್ನೇ ಸಾಕ್ಷಿಗೆ ಕರಕೊಂಡು ಹಿರೇಹಂದಿಗೋಳಕ್ಕೆ ಓಡಿದೆ. ಚುಚ್ಚಿಸಿಕೊಂಡ ತೋಳು ತೋರಿಸಿದೆ. ಬತ್ತಲೆ ಮಾರಿಯನ್ನೂ ತೋರಿಸಿದೆ. ರೋಗವಿಲ್ಲವೆಂದು ಶಾಂತಕ್ಕ ಆಣೆ ಮಾಡಿದರು.

ಅದೇ ಪಟಗಾದ ಹಿರಿಯರು ಬಹಳ ಹೊತ್ತು ನನ್ನ ಮಾರಿ ನೋಡಿದರು. “ಆತು, ಹುಡುಗಿ ಕೊಡ್ತೀವಿ,” ಅಂದರು. ಆಮೇಲೆ ಶಾಂತಕ್ಕನ ಕಡೆ ವಾಲಿ, “ಆದ್ರ ನರ್ಸ್ ಬಾಯಾರ, ಮಾಸ್ಕ್ ಇದ್ದಾಗ ಹುಡುಗ ಭಾಳ ಚಂದ ಕಾಣ್ತಿದ್ದ!”

ಈಗ ಪ್ರತಿ ವರ್ಷ ಯಾರೂ ಹೇಳುವ ಮೊದಲೇ ಇಂಜೆಕ್ಷನ್ ತಗೊಂಡು ಮನೆಗೆ ಬರುತ್ತೇನೆ. ಹೆಂಡತಿ ನನ್ನ ಮಾರಿ ನೋಡಿ ಅದೇ ಮಾತು ಅನ್ನುತ್ತಾಳೆ:

“ಸೂಜಿ ತಗೊಂಡ್ರಿ, ಚಲೋ ಆತು. ಮಾಸ್ಕ್ ಯಾಕ ತಗದ್ರಿ?”