ಸಾವಯವ ಹಾಲೂ ಜಯಮ್ಮನ ಗಿಣ್ಣೂ

ನಿವೃತ್ತನಾದ ಮನುಷ್ಯನಿಗೆ ಪಿಂಚಣಿಯಷ್ಟೇ ಅಗತ್ಯವಾಗಿ ಒಂದು ಸಿದ್ಧಾಂತವೂ ಬೇಕು. ನನಗೆ ಸಿಕ್ಕಿದ್ದು ಸಾವಯವ ಹಾಲು. ಪಾಂಡವಪುರದ ನಮ್ಮ ಬೀದಿಗೆ ಗಾಜಿನ ಸೀಸೆಯಲ್ಲಿ ಬರುವ ಆ ಹಾಲಿನ ಪ್ರಯೋಜನಗಳನ್ನು ಜಗಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ವಿವರಿಸುತ್ತಿದ್ದೆ. ಮೇವಿಗೆ ಯೂರಿಯಾ ಇಲ್ಲ, ಕೀಟನಾಶಕ ಇಲ್ಲ; ಹಸು ಕಟ್ಟಿದಲ್ಲೇ ನಿಲ್ಲದೆ ಬಯಲಲ್ಲಿ ಅಡ್ಡಾಡುತ್ತದೆ; ಕೆನೆಯಂತೂ ಚಮಚ ನಿಲ್ಲಿಸುವಷ್ಟು. ಇದೆಲ್ಲ ನಿಜ, ಈಗಲೂ ನಂಬುತ್ತೇನೆ. ಆದರೆ ಜೀವಮಾನವೆಲ್ಲ ಪಾಠ ಹೇಳಿದವನಿಗೆ ನಿಜವನ್ನು ಒಮ್ಮೆ ಹೇಳಿ ಸುಮ್ಮನಾಗುವ ಅಭ್ಯಾಸವಿರುವುದಿಲ್ಲ.

ಅದಕ್ಕೆ ಮೊದಲು ಹಾಲು ತರುತ್ತಿದ್ದವಳು ಹಿಂದಿನ ಬೀದಿಯ ಜಯಮ್ಮ. ಇನ್ನು ಬೇಡವೆಂದ ದಿನ ಅವಳಿಗೂ ಪಾಠ ಮಾಡಿದೆ. “ಆಗ್ಲಿ ಬುಡಿ ಮೇಷ್ಟ್ರೇ, ನಮ್ ಅಸ ಯಾವ್ ಪರೀಕ್ಸೇನೂ ಪಾಸ್ ಮಾಡಿಲ್ಲ” ಎಂದು ಕ್ಯಾನಿನ ಮುಚ್ಚಳ ಹಾಕಿದಳು. ನಾನದನ್ನು ಒಪ್ಪಿಗೆಯೆಂದೇ ತಿಳಿದೆ.

ಮರೆತದ್ದು ಗಿಣ್ಣನ್ನು. ಹಸು ಕರು ಹಾಕಿದ ಹೊಸತರಲ್ಲಿ ಕೊಡುವ ಹಳದಿ ಹಾಲನ್ನು ನಮ್ಮ ಕಡೆ ಮಾರುವುದಿಲ್ಲ. ಬೇಕಾದವರ ಮನೆಗೆ ಚೊಂಬಿನಲ್ಲಿ ಕೊಟ್ಟುಬರುತ್ತಾರೆ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣಿನ ಮುಂದೆ ನಾನು ಯಾವ ಸಿದ್ಧಾಂತವನ್ನೂ ಇಟ್ಟುಕೊಂಡವನಲ್ಲ. ಸೀಸೆಯವನನ್ನು ವಿಚಾರಿಸಿದರೆ, “ಅದು ನಮ್ಮಲ್ಲಿ ಬರಲ್ಲ ಸಾರ್” ಎಂದ.

ಒಂದು ಬೆಳಿಗ್ಗೆ ಜಯಮ್ಮನ ಹಸು ಕರು ಹಾಕಿತು. ಚೊಂಬು ಎಡಮನೆಗೆ ಹೋಯಿತು, ಬಲಮನೆಗೆ ಹೋಯಿತು. ಜಗಲಿಯಲ್ಲಿ ಕೂತು ಅಗತ್ಯಕ್ಕಿಂತ ಜೋರಾಗಿ ಕೆಮ್ಮಿದೆ. ಕೊನೆಗೆ ಜಯಮ್ಮ ನಮ್ಮ ಗೇಟೂ ತೆಗೆದಳು. ನನ್ನನ್ನು ದಾಟಿಕೊಂಡು ನೇರ ಅಡುಗೆಮನೆಗೆ ನಡೆದಳು.

“ತಕಳಿ ಅಕ್ಕ, ನಿಮ್ ಪಾಲು. ಮೇಷ್ಟ್ರಿಗೆ ಕೊಟ್ಬುಟ್ಟೀರಿ! ಯೂರಿಯಾ ಉಲ್ಲು ತಿಂದಿರೋ ಅಸ.”

ನನ್ನ ಮುಖ ನೋಡಿ ಹೆಂಡತಿ ಹೇಳಿದಳು: “ನನ್ನ ಕಾಫಿಗೆ ಜಯಮ್ಮನ ಹಾಲೇ ಆಗ್ಬೇಕು. ದಿನಾ ಹಿತ್ತಲ ಬಾಗಿಲಲ್ಲಿ ತಗೋತಿದ್ದೆ. ನಿಮ್ಮ ಪಾಠ ಮುಂದಿನ ಬಾಗಿಲಲ್ಲಿ ನಡೀತಿತ್ತಲ್ಲ, ಯಾಕೆ ಅಡ್ಡಿ ಅಂತ ಹೇಳ್ಲಿಲ್ಲ.”

ಸಂಜೆ ನನ್ನೆದುರಿಗೇ ಗಿಣ್ಣಿನ ತಟ್ಟೆ ಖಾಲಿ ಮಾಡಿದಳು. “ನಿಮ್ಮ ಆರೋಗ್ಯ ನಂಗೆ ಮುಖ್ಯ” ಎಂದಳು.

ಗಿಣ್ಣು ಬಂದ ಚೊಂಬನ್ನು ಬರಿದಾಗಿ ಹಿಂದಿರುಗಿಸಬಾರದು. ಒಂದು ಅಚ್ಚು ಬೆಲ್ಲ ಹಾಕಿ ನನ್ನ ಕೈಗೇ ಕೊಟ್ಟಳು. ಕೊಟ್ಟಿಗೆಯಲ್ಲಿದ್ದ ಜಯಮ್ಮನಿಗೆ ಬೆಲ್ಲ ಕೊಡುವಾಗ ಸುಮ್ಮನಿರಬಹುದಿತ್ತು. “ಇದು ಸಾವಯವ ಬೆಲ್ಲ, ರಾಸಾಯನಿಕ ಹಾಕಿಲ್ಲ” ಎಂದೆ.

“ಔದಾ? ಅಂಗಾರೆ ಬಾಣ್ತಿಗೇ ಆಯ್ತು ಬುಡಿ” ಎಂದು ಹಸುವಿನ ಬಾಯಿಗಿಟ್ಟಳು.

ಹಸು ಕಣ್ಣು ಅರೆಮುಚ್ಚಿ ಚಪ್ಪರಿಸಿತು. ಸಾವಯವದ ಪ್ರಯೋಜನವನ್ನು ನಮ್ಮ ಪೈಕಿ ಅಷ್ಟು ನೆಮ್ಮದಿಯಿಂದ ಅನುಭವಿಸಿದವರನ್ನು ನಾನು ಕಂಡಿಲ್ಲ. ಖಾಲಿ ಚೊಂಬು ಹಿಡಿದುಕೊಂಡೇ ನೋಡುತ್ತಾ ನಿಂತುಬಿಟ್ಟೆ.

“ಚೊಂಬು ಬುಟ್ಟೋಗಿ ಮೇಷ್ಟ್ರೇ,” ಎಂದಳು ಜಯಮ್ಮ, “ಅದು ನಮ್ದು.”