ರೊಟ್ಟಿ ಕೇಂದ್ರಕ್ಕೆ ನಾನಿಟ್ಟ ಮುಹೂರ್ತ

ಕುಷ್ಟಗಿಯ ಕಾಲೇಜೊಂದರಲ್ಲಿ ನಾನು ಮಕ್ಕಳಿಗೆ ಲಿನಕ್ಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯನ್ನು ಕಲಿಸುತ್ತೇನೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ನನ್ನ ಹೆಂಡತಿ ಗಿರಿಜಾ ಮನೆಯ ಮುಂದಿನ ಕೋಣೆಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಮಧ್ಯಾಹ್ನ ಹನ್ನೆರಡಕ್ಕೆ ಅಡಿಗೆ ತಯಾರಾದಾಗ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಕೂಗಿ ಒಳಗೆ ಹೋಗುವಷ್ಟರಲ್ಲಿ ಹೆಂಚಿನ ಮೇಲಿನ ರೊಟ್ಟಿ ಕರಕಲು.

"ಇನ್ನ ಮ್ಯಾಲೆ ನೀ ಕೂಗಬ್ಯಾಡ. ಕಂಪ್ಯೂಟರ್ ಕೂಗ್ತೈತಿ," ಎಂದೆ.

"ಕೂಗೂದು ಬಿಡ್ರಿ. ರೊಟ್ಟಿ ಬಡಿತೈತಿ ಅಂದ್ರ ಹೇಳ್ರಿ."

ಇಂಥ ಅವಿಶ್ವಾಸಕ್ಕೆ ಉತ್ತರ ಕೊಡುವುದು ವಿದ್ಯಾವಂತನ ಕರ್ತವ್ಯ. ಶನಿವಾರ ಸಂಜೆ ಆಕೆಯ ದನಿಯನ್ನು ರೆಕಾರ್ಡ್ ಮಾಡಿದೆ. "ಸಣ್ಣಗ ಮುಗಿಸು" ಎಂದಿದ್ದೆ. ಆಕೆ ಎಣಗಾಯಿಯಿಂದ ಶೇಂಗಾ ಚಟ್ನಿಯವರೆಗೆ ಎಲ್ಲವನ್ನೂ ಹೇಳಿ, ಕೊನೆಗೆ ಗಿರಾಕಿಗಳಿಗೆ ಕಟ್ಟಪ್ಪಣೆಯನ್ನೂ ಸೇರಿಸಿದಳು: "ಒಯ್ಯೂ ಮುಂದ ನೋಡ್ಕೊಂಡು ಒಯ್ರಿ. ಒಮ್ಮೆ ಒಯ್ದಿದ್ದು ವಾಪಸ್ ತಗೊಳ್ಳೂದಿಲ್ರಿ." ಎರಡೂವರೆ ನಿಮಿಷದ ಭಾಷಣ.

ಲಿನಕ್ಸ್‌ನಲ್ಲಿ ಕ್ರಾನ್ ಎಂಬ ಏರ್ಪಾಡಿದೆ. ಹೊತ್ತು ಬರೆದಿಟ್ಟರೆ ಆ ಹೊತ್ತಿಗೆ ಕೆಲಸ ತಾನೇ ನಡೆಯುತ್ತದೆ. ಮೊದಲು ನಿಮಿಷ, ಆಮೇಲೆ ಗಂಟೆ, ಆಮೇಲೆ ದಿನ, ತಿಂಗಳು, ವಾರ. ನನಗೆ ಬೇಕಾದದ್ದು ಹನ್ನೆರಡು ಗಂಟೆ. ನಿಮಿಷದ ಗೊಡವೆ ನನಗೇಕೆ ಎಂದು ಅಲ್ಲಿ ಒಂದು ನಕ್ಷತ್ರದ ಗುರುತು ಹಾಕಿದೆ. ನಕ್ಷತ್ರವೆಂದರೆ "ಯಾವುದಾದರೂ ಸರಿ" ಅಲ್ಲ, "ಪ್ರತಿಯೊಂದೂ" ಎಂದರ್ಥ. ಇದನ್ನು ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆದು ಹೇಳುತ್ತೇನೆ.

ಭಾನುವಾರ ಹನ್ನೆರಡಕ್ಕೆ ಸರಿಯಾಗಿ ಸ್ಪೀಕರ್ ಕೂಗಿತು. ಗಿರಿಜಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಭಾಳ ಛಲೋ ಕೇಳ್ತೈತ್ರಿ" ಎಂದಳು. ನಾನು ಮೀಸೆ ಮುಟ್ಟಿಕೊಂಡೆ. ಮೊದಲನೆಯ ಗಿರಿಜಾ ಪಲ್ಯಕ್ಕೆ ಬರುವಷ್ಟರಲ್ಲಿ ಎರಡನೆಯ ಗಿರಿಜಾ "ಬರ್ರಿ ಬರ್ರಿ" ಎಂದು ಶುರುಮಾಡಿದಳು. ಎರಡನೆಯವಳು ಪಲ್ಯಕ್ಕೆ ಬಂದಾಗ ಮೂರನೆಯವಳು. ನಿಮಿಷಕ್ಕೊಬ್ಬಳು.

ಡಬ್ಬಿ ಹಿಡಿದು ಬಂದ ಗಿರಾಕಿಯೊಬ್ಬ ಕಿಟಕಿಯಲ್ಲಿ ಇಣುಕಿ, "ಒಳಗ ಎಷ್ಟು ಮಂದಿ ಅದಾರ್ರಿ?" ಎಂದು ಕೇಳಿದ.

"ಒಬ್ಬಾಕಿ ಬಾಯಿನ ತಡ್ಕೊಳ್ಳಾಕ ಆಗೂದಿಲ್ಲ ಅಂತಿದ್ರಿ," ಎಂದಳು ನಿಜವಾದ ಗಿರಿಜಾ. "ಈಗ ಮೂರು ಮಂದಿ ಮಾಡಿಟ್ರಿ. ಮೊದಲು ಆ ವೈರ್ ಕೀಳ್ರಿ. ಎದುರು ಮನ್ಯಾಗ ಕನ್ಯಾ ನೋಡಾಕ ಬಂದಾರ."

ಎದುರು ಮನೆಯ ಶರಣಮ್ಮನ ಮಗಳು ಸುಧಾಳಿಗೆ ಹಿಂದೆ ಬಂದ ಸಂಬಂಧಗಳು ಏನೇನೋ ಕಾರಣಕ್ಕೆ ತಪ್ಪಿದ್ದವು. ಈಗ ತಳಕಲ್ ಎಂಬ ಊರಿನಿಂದ ಗಂಡಿನ ಕಡೆಯವರು ಬಂದು ಕೂತಿದ್ದರು. ಆದರೂ ಲಿನಕ್ಸ್ ಕಲಿಸುವವನು ವೈರ್ ಕೀಳುವುದೇ? ಬರೆದದ್ದನ್ನು ಹುಡುಕಿ ತೆರೆಯುವಷ್ಟರಲ್ಲಿ ಹನ್ನೆರಡೂಕಾಲು ದಾಟಿತ್ತು; ಕೂತು ತಿದ್ದಿದೆ. ನಕ್ಷತ್ರವನ್ನು ಗಂಟೆಯ ಜಾಗಕ್ಕೆ ಕಳಿಸಿ, ಹನ್ನೆರಡನ್ನು ನಿಮಿಷದ ಜಾಗಕ್ಕೆ ತಂದೆ. ಮೂವರು ಗಿರಿಜೆಯರೂ ಒಬ್ಬೊಬ್ಬರಾಗಿ ಸುಮ್ಮನಾದರು.

ಒಂದು ಗಂಟೆ ಹೊಡೆದ ಮೇಲೆ ಕ್ಷಮೆ ಕೇಳಲು ಎದುರು ಮನೆಗೆ ಹೋದೆ. ಚಹಾ ಕೊಟ್ಟಾಗಿತ್ತು. ವರನ ಸೋದರತ್ತೆ ಗೋಡೆಗೆ ಆತು ಕೂತಿದ್ದರು. ಆ ಮುಖದಲ್ಲಿ ನಗು ಬಂದು ಹೋದ ಗುರುತೇ ಇರಲಿಲ್ಲ.

"ತಪ್ಪಾತ್ರಿ. ಈಗ ಸರಿ ಮಾಡೀನಿ. ನಾಳೆ ಹನ್ನೆರಡರ ತನಕ ಅದು ಬಾಯಿ ಬಿಡೂದಿಲ್ಲ," ಎಂದು ಗಂಭೀರವಾಗಿ ಭರವಸೆ ಕೊಟ್ಟು ಕೂತೆ.

ಸೋದರತ್ತೆ ಶರಣಮ್ಮನತ್ತ ತಿರುಗಿದರು. "ಮಗಳ ಬಗ್ಗೆ ಮೊದಲ ಹೇಳೂದು ಏನರ ಇದ್ರ ಹೇಳಿಬಿಡ್ರಿ."

ಶರಣಮ್ಮ ಬಾಯಿ ತೆರೆದಳು. ಆಗ ಒಂದು ಗಂಟೆ ಹನ್ನೆರಡು ನಿಮಿಷ. ಪ್ರತಿ ಗಂಟೆಯ ಹನ್ನೆರಡನೇ ನಿಮಿಷಕ್ಕೆ ಕೂಗು ಎಂದು ಬರೆದು ಬಂದಿದ್ದೇನೆಂದು ನನಗೆ ಹೊಳೆದದ್ದು, ಎದುರಿನಿಂದ "ಬರ್ರಿ ಬರ್ರಿ" ಕೇಳಿದ ಮೇಲೆ. ಎದ್ದು ಓಡೋಣವೆಂದರೆ ಬಾಗಿಲಿಗೆ ಅಡ್ಡವಾಗಿ ಗಂಡಿನ ಕಡೆಯವರು ಕೂತಿದ್ದರು. ಎಲ್ಲರೂ ಎಣಗಾಯಿ, ಹೆಸರುಕಾಳು, ಚಟ್ನಿ ಕೇಳುತ್ತ ಕಲ್ಲಿನಂತೆ ಕೂತರು. ಆಮೇಲೆ ಸ್ಪಷ್ಟವಾಗಿ ಬಂತು: "ಒಯ್ಯೂ ಮುಂದ ನೋಡ್ಕೊಂಡು ಒಯ್ರಿ. ಒಮ್ಮೆ ಒಯ್ದಿದ್ದು ವಾಪಸ್ ತಗೊಳ್ಳೂದಿಲ್ರಿ."

ವರನಿಗೆ ಚಹಾ ನೆತ್ತಿಗೇರಿತು. ಒಳಕೋಣೆಯಲ್ಲಿ ಸುಧಾ ಕಿಸಕ್ಕೆಂದಳು. ಅದನ್ನು ಕೇಳಿ ಕೆಮ್ಮುತ್ತಲೇ ವರನೂ ನಕ್ಕ. ಶರಣಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಊರು ಬಿಡುವುದಾದರೆ ಯಲಬುರ್ಗಾ ಕಡೆ ಹೋಗಲೋ ಗಂಗಾವತಿ ಕಡೆಗೋ ಎಂದು ನಾನು ಯೋಚಿಸುತ್ತಿದ್ದೆ.

ಸೋದರತ್ತೆ ಸೆರಗು ಸರಿಮಾಡಿಕೊಂಡರು. "ನೋಡ್ಕೊಂಡ ಒಯ್ತೀವ್ರಿ," ಎಂದರು. "ವಾಪಸ್ ಕೊಡೂ ಮಂದಿ ನಾವಲ್ಲ."

ನಾನು ಮನೆಗೆ ಬರುವಷ್ಟರಲ್ಲಿ ಗಿರಿಜಾ ವೈರ್ ಕಿತ್ತು ಮೊಳೆಗೆ ಸುತ್ತಿದ್ದಳು.

ಮದುವೆಯ ರೊಟ್ಟಿಯೆಲ್ಲ ಆಕೆಗೇ ಹೇಳಿದರು. ಕರೆಯಲು ಬಂದ ಶರಣಮ್ಮ ಆಕೆಯ ಕೈ ಹಿಡಿದು, "ನೀ ಮುಂದ ನಿಂತು ಎಲ್ಲಾ ನೋಡ್ಕೋಬೇಕವಾ" ಎಂದಳು. ಆಮೇಲೆ ನನ್ನ ಕಡೆ ನೋಡಿ, ತುಸು ಯೋಚಿಸಿ, "ಸರ್, ನೀವು ಬಂದು ಉಂಡು ಹೋದ್ರ ಸಾಕ್ರಿ" ಎಂದಳು.

ಹೋದೆ. ಉಂಡೆ. ಎಲೆ ಬಿಟ್ಟು ಬೇರೆ ಯಾವುದನ್ನೂ ಮುಟ್ಟದೆ ಬಂದೆ.